ಸಿಂಗಾಪುರದ ದುಡ್ಡಿಗೆ ಹುಬ್ಬಳ್ಳಿಯ ತಕ್ಕಡಿ

ಅನುಮಾನ ಪಡುವವನ ಮನೆಯನ್ನೇ ಅನುಮಾನದ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ. ಇದು ನನ್ನ ಅನುಭವ. ಮೂವತ್ತು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಮೆತ್ತಿದವರನ್ನೂ ಲೀಟರಿನ ಮಾಪಿನ ತಳವನ್ನು ಒಳಕ್ಕೆ ಬಡಿದವರನ್ನೂ ಹಿಡಿದು ಹಿಡಿದು ನನಗೆ ಎಂಥ ಹೆಸರು ಬಂದಿತ್ತೆಂದರೆ, ನಿವೃತ್ತಿಯಾದ ಮೇಲೂ ಕಾಯಿಪಲ್ಲೆ ಮಾರುವವರು ಹೆದರಿ ಒಂದು ಬದನೆಕಾಯಿ ಹೆಚ್ಚಿಗೆ ಹಾಕುತ್ತಿದ್ದರು. ಅದನ್ನು ತೆಗೆದು ವಾಪಸು ಇಡುತ್ತಿದ್ದೆ. ಹೆಚ್ಚಿಗೆ ಹಾಕುವುದೂ ತಪ್ಪು ತೂಕವೇ.

ಹೀಗಿರುವಾಗ ಬೆಂಗಳೂರಿನ ಒಂದು ಹೂಡಿಕೆ ಕಂಪನಿಯಿಂದ ಪತ್ರ ಬಂತು. ಸಿಂಗಾಪುರದ ದೊಡ್ಡವರ ದುಡ್ಡು ತಂದು ನಮ್ಮ ಕಡೆಯ ಸ್ಟಾರ್ಟಪ್‌ಗಳಿಗೆ ಹಾಕುವುದು ಅವರ ಕೆಲಸವಂತೆ. ಏಷ್ಯಾದ ಮುಂದಿನ ಅಲೆ ಏಳುವುದು ದೊಡ್ಡ ಊರುಗಳಲ್ಲಿ ಅಲ್ಲವಂತೆ, ಹುಬ್ಬಳ್ಳಿಯಂಥ ಊರುಗಳಲ್ಲಂತೆ. ಸಮುದ್ರವೇ ಇಲ್ಲದ ಊರಿನಲ್ಲಿ ಅಲೆ ಹೇಗೆ ಏಳುತ್ತದೋ ನನಗೆ ತಿಳಿಯಲಿಲ್ಲ. ಅರ್ಜಿ ಹಾಕಿದವರು ಹೇಳಿದ್ದು ಖರೆಯೋ ಸುಳ್ಳೋ ಎಂದು ಕಣ್ಣಾರೆ ನೋಡಿ ವರದಿ ಕೊಡುವವರೊಬ್ಬರು ಬೇಕಾಗಿತ್ತು. ನಾನು ಧಾರವಾಡದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿದವನು. ತಲೆಬರಹದ ಕೆಳಗಿನ ಗೆರೆ ಸೊಟ್ಟ ಬಂದರೆ ಅದೇ ಸ್ಕೇಲು ಬೆರಳ ಗೆಣ್ಣಿನ ಮೇಲೆ ಬೀಳುತ್ತಿದ್ದ ಶಾಲೆ. ಆ ಪತ್ರದ ಇಂಗ್ಲಿಷ್ ಇಸ್ತ್ರಿ ಮಾಡಿದ ಅಂಗಿಯಂತಿತ್ತು. ಒಪ್ಪಿಕೊಂಡುಬಿಟ್ಟೆ.

ಮೊದಲ ವಾರವೇ ಅವರ ಮ್ಯಾನೇಜರ್ ಫೋನ್ ಮಾಡಿ, "ಸರ್, ನಿಮ್ಮ ಭಾಗದಲ್ಲಿ ನಿಮಗೆ ಗೊತ್ತಿರೋ ಗಣ್ಯರ ಪಟ್ಟಿ ಒಂದು ಕಳಿಸಿ, ಸುಮ್ನೆ ನಮ್ಮ ಮಾಹಿತಿಗೆ" ಎಂದ. ನನ್ನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತಯಾರೇ ಇತ್ತು. ಹೆಸರು, ಊರು, ಸಂಬಂಧ, ಫೋನು. ಒಂದು ಖಾನೆಯೂ ಖಾಲಿ ಇಲ್ಲದ ಪಟ್ಟಿ. ಅಂದೇ ಕಳಿಸಿ, ಕೆಲಸಕ್ಕೆ ಹೊರಟೆ.

೧. ಮೊದಲನೆಯ ಗ್ರಾಹಕ

ಶಿರಗುಪ್ಪಿಯ ಕಡೆಯ ಒಬ್ಬ ತರುಣ. ಮೊಬೈಲಿನಲ್ಲಿ ಒತ್ತಿದರೆ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುವ ಆಪ್ ಮಾಡಿದ್ದ. "ಆರುನೂರು ಮಂದಿ ರೈತರು ನಮ್ಮ ಗ್ರಾಹಕರು ಅದಾರ್ರಿ ಸರ್" ಎಂದ.

"ಪಟ್ಟಿ ತೋರಸು" ಎಂದೆ.

ತೋರಿಸಿದ. ನಾನು ಪಟ್ಟಿಯನ್ನು ಮೇಲಿನಿಂದಲೇ ಓದುವವನು, ನಡುವೆ ಕೈ ಹಾಕುವವನಲ್ಲ. ಮೊದಲನೆಯ ಹೆಸರು ಶ್ರೀ ಮಾರುತಿ. ಅವನೆದುರಿಗೇ ಕೂತು ಆ ನಂಬರಿಗೆ ಫೋನ್ ಹಚ್ಚಿದೆ.

"ಮಾರುತಿಯವರು ಅದಾರೇನ್ರಿ?"

"ಅದಾರ್ರಿ. ಆದ್ರ ಅವ್ರಿಗೆ ಫೋನ್ ಕೊಡಾಕ ಬರಂಗಿಲ್ಲ."

"ಯಾಕ, ಹೊಲಕ್ಕ ಹೋಗ್ಯಾರೇನು?"

"ಅವ್ರೆಲ್ಲಿ ಹೋಗ್ತಾರ್ರಿ? ನಮ್ಮಜ್ಜನ ಕಾಲದಿಂದ ನಿಂತಲ್ಲೇ ನಿಂತಾರ. ನಾ ಗುಡಿ ಪೂಜಾರಿ ಮಾತಾಡಾಕತ್ತೇನಿ."

ತರುಣ ಗೋಡೆಯ ಕಡೆ ನೋಡತೊಡಗಿದ. ಎರಡನೆಯ ನಂಬರಿಗೆ ಹಚ್ಚಿದೆ. ಉಪ್ಪಿನಬೆಟಗೇರಿಯ ಒಬ್ಬ ಅಜ್ಜಿ ಎತ್ತಿದರು. ಟ್ರ್ಯಾಕ್ಟರ್ ವಿಷಯ ಅವರಿಗೆ ಗೊತ್ತಿರಲಿಲ್ಲ. "ಲಗ್ನದ ಫೋಟೋ ಬಂದ್ವೇನ್ರಿ? ನಾ ಊಟಕ್ಕ ಕುಂತಾಗ ಒಂದು ತಗದಿದ್ರು" ಎಂದು ಕೇಳಿದರು.

ಗುಟ್ಟು ಬಯಲಾಯಿತು. ಅದು ಅವನ ಅಣ್ಣನ ಮದುವೆಯ ಲಗ್ನಪತ್ರಿಕೆ ಹಂಚಿದ ಪಟ್ಟಿ. ನಮ್ಮಲ್ಲಿ ಮೊದಲನೆಯ ಪತ್ರಿಕೆ ದೇವರಿಗೆ, ಆಮೇಲೆ ಬೀಗರು-ಬಿಜ್ಜರಿಗೆ. ಇವನು ಇದ್ದದ್ದನ್ನು ಇದ್ದ ಹಾಗೆ ಗ್ರಾಹಕರನ್ನಾಗಿ ಮಾಡಿದ್ದ. ಪಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಡುವ ಮೊದಲು ಒಮ್ಮೆ ಓದಬೇಕು ಎಂದು ಅರ್ಧ ತಾಸು ಬುದ್ಧಿ ಹೇಳಿದೆ. ಕೊನೆಗೆ ತಡೆಯಲಾರದೆ ಕೇಳಿದೆ: "ಅಲ್ಲೋ, ಸುಳ್ಳು ಹೇಳಾವ, ದೇವ್ರ ಹೆಸರಾದ್ರೂ ತಗೀಬಾರದಾಗಿತ್ತೇನು?"

"ತಗದಿದ್ನಿರಿ ಸರ್. ನಮ್ಮವ್ವ ಬೈದ್ಲು. ದೇವ್ರ ಹೆಸರಿಲ್ಲದ ಯಾವ ಕೆಲಸಾನೂ ದಡ ಮುಟ್ಟಂಗಿಲ್ಲ ಅಂತ."

೨. ಹತ್ತು ನಿಮಿಷದ ಗಿರಮಿಟ್

ಮುಂದಿನದು ಗಿರಮಿಟ್ ಕಂಪನಿ. ಚುರುಮುರಿಗೆ ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆಹುಳಿಯ ಮಸಾಲೆ ಕಲಸಿದರೆ ಗಿರಮಿಟ್. ಕಲಸಿದ ಕೂಡಲೇ ತಿಂದರೆ ಅಮೃತ, ತಡವಾದರೆ ಮುದ್ದೆ. ಅದನ್ನು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಯಾವ ಮೂಲೆಗೇ ಆಗಲಿ ಹತ್ತು ನಿಮಿಷದಲ್ಲಿ ಮುಟ್ಟಿಸುತ್ತೇವೆ ಎಂಬುದು ಅವರ ಪ್ರತಿಜ್ಞೆ.

"ಸರ್, ಹತ್ತು ನಿಮಿಷದ ಡೆಲಿವರಿ ಇಡೀ ಏಷ್ಯಾದಲ್ಲಿ ಓಡ್ತಿದೆ. ಜಕಾರ್ತಾದಲ್ಲಿ ಆಗಿದೆ ಅಂದ್ರೆ ಇಲ್ಲೂ ಆಗುತ್ತೆ" ಎಂದ ಮ್ಯಾನೇಜರ್. ಅವನ ಪಾಲಿಗೆ ಜಕಾರ್ತಾದಲ್ಲಿ ಆಗದೆ ಉಳಿದದ್ದು ಏನೂ ಇರಲಿಲ್ಲ.

ಕೈಗಡಿಯಾರ ಕಟ್ಟಿಕೊಂಡು ಹೊರಟೆ. ವಿದ್ಯಾನಗರದ ಒಂದು ಮರದ ಕೆಳಗೆ ನಿಂತು ಫೋನಿನಲ್ಲಿ ಒಂದು ಗಿರಮಿಟ್ ಹೇಳಿದೆ. ನಾಲ್ಕು ನಿಮಿಷಕ್ಕೆ ಬಂತು. ದಪ್ಪ ಮೀಸೆಯ, ನನಗಿಂತ ನಾಲ್ಕೈದು ವರ್ಷ ಸಣ್ಣವರಿರಬಹುದಾದ ಒಬ್ಬರು ಸ್ಕೂಟರಿನಲ್ಲಿ ತಂದುಕೊಟ್ಟರು. ಗರಿಗರಿಯಾಗಿತ್ತು. ಉಣಕಲ್ ಕೆರೆಯ ದಂಡೆಗೆ ಹೋಗಿ ಇನ್ನೊಂದು ಹೇಳಿದೆ. ಮೂರು ನಿಮಿಷ. ಅವರೇ ಬಂದರು. ನನಗೆ ಸಂತೋಷವಾಯಿತು. ಸಂತೋಷವಾದ ಕೂಡಲೇ ಅನುಮಾನವೂ ಬಂತು. ಇಲಾಖೆಯಲ್ಲಿ ಕಲಿತದ್ದು ಅದು: ತಕ್ಕಡಿಯ ಮುಳ್ಳು ಗೆರೆ ಎಳೆದ ಹಾಗೆ ನಡುವೆ ನಿಂತಿದ್ದರೆ ಮೊದಲು ತಟ್ಟೆಯ ಕೆಳಗೆ ನೋಡು.

ಯಾರಿಗೂ ಹೇಳದೆ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಹೇಳಿದೆ. ಎರಡೇ ನಿಮಿಷ! ಅದೇ ಮೀಸೆ, ಅದೇ ಸ್ಕೂಟರು, ಮುಖದಲ್ಲಿ ಮಾತ್ರ ಬೆವರು.

"ನೀವು ಹುಬ್ಬಳ್ಳ್ಯಾಗ ಇದ್ರೆಲ್ಲ?"

"ಇದ್ನಿರಿ. ನೀವೂ ಇದ್ರಿ."

ಅವರು ಆ ಕಂಪನಿ ನಡೆಸುವ ಹುಡುಗನ ಸೋದರಮಾವ. ಬೆಳಿಗ್ಗೆ ನಾನು ಮನೆ ಬಿಟ್ಟಾಗಿನಿಂದ ನನ್ನ ಬೆನ್ನ ಹಿಂದೆಯೇ ಇದ್ದರು. ಸ್ಕೂಟರಿನ ಡಬ್ಬಿ ತೆಗೆಸಿದೆ. ಒಳಗೆ ಇನ್ನೂ ಮೂರು ಪೊಟ್ಟಣ ಇದ್ದವು. ವರದಿ ಬರೆಯಲು ಪೆನ್ನು ತೆಗೆದೆ. ಮಾವ ಸ್ವಲ್ಪವೂ ಅಳುಕಲಿಲ್ಲ.

"ನಾಳಿ ಬರೀರಂತ. ಇನ್ನೊಂದೆರಡು ಕಡೆ ಹೋಗೋದಿದ್ರ ಲಗೂ ನಡೀರಿ ಸಾಹೇಬ್ರ, ಚುರುಮುರಿ ಮೆತ್ತಗಾಗಾಕತ್ತಾವು."

೩. ಯಂತ್ರಕ್ಕೆ ನೆಗಡಿ

ಬೆಂಗೇರಿಯ ಒಂದು ತಗಡಿನ ಶೆಡ್ಡು. ಎಂಜಿನಿಯರಿಂಗ್ ಓದಿದ ಹುಡುಗನೊಬ್ಬ ಬ್ಯಾಡಗಿ ಮೆಣಸಿನಕಾಯಿಯ ದರ್ಜೆ ನೋಡಿ ಆರಿಸುವ ಯಂತ್ರ ಮಾಡಿದ್ದ. ಎರಡು ಕಪಾಟು ಜೋಡಿಸಿದಷ್ಟು ದೊಡ್ಡದು, ಹಸಿರು ಬಣ್ಣ, ಮೇಲೊಂದು ಕ್ಯಾಮೆರಾ. ಮೇಲಿನಿಂದ ಕಾಯಿ ಸುರಿದರೆ ಒಳಗಿನ ಎಐ ನೋಡಿ ನೋಡಿ ಬೇರೆ ಮಾಡಿ, ಕೆಳಗಿನ ಮೂರು ಕಿಂಡಿಗಳಲ್ಲಿ ಮೂರು ದರ್ಜೆಯ ಕಾಯಿ ಬೀಳಿಸುತ್ತಿತ್ತು.

ನಾನು ನನ್ನ ಚೀಲದಿಂದ ಬೇರೆ ಬೇರೆ ಕಾಯಿ ಬೆರೆಸಿ ಹಾಕಿದೆ. ಒಳ್ಳೆಯವು, ಬಿಳಿಚಿದವು, ಮುರುಕು. ತೂಕ ಹೆಚ್ಚಲೆಂದು ನೀರು ಚಿಮುಕಿಸಿ ಮೇಲಷ್ಟೇ ಒಣಗಿಸಿದ ನಾಲ್ಕು ಕಾಯಿಗಳನ್ನೂ ಬೇಕೆಂದೇ ಸೇರಿಸಿದ್ದೆ. ಅವುಗಳನ್ನು ಹಿಡಿಯಲು ನನಗೆ ಹತ್ತು ವರ್ಷ ಬೇಕಾಗಿತ್ತು. ಯಂತ್ರ ನಾಲ್ಕನ್ನೂ ಮೂರನೆಯ ಕಿಂಡಿಯಲ್ಲಿ ಬೀಳಿಸಿತು. ಒಂದು ಕಾಯಿಯೂ ತಪ್ಪಲಿಲ್ಲ. ನನ್ನ ಅನುಮಾನಕ್ಕೇ ನಾಚಿಕೆಯಾಗಿ ಶಭಾಸ್ ಎನ್ನಬೇಕೆನ್ನುವಷ್ಟರಲ್ಲಿ ಯಂತ್ರ ಸೀನಿತು.

"ಅದು ಕಂಪ್ರೆಸರ್ ಸರ್" ಎಂದ ಹುಡುಗ ಗಡಬಡಿಸಿ.

ಯಂತ್ರ ಇನ್ನೊಮ್ಮೆ ಸೀನಿತು. ಆಮೇಲೆ ಸಣ್ಣ ದನಿಯಲ್ಲಿ "ಶಿವನಽ" ಎಂದಿತು.

"ನಿನ್ನ ಕಂಪ್ರೆಸರ್‌ಗೆ ದೈವಭಕ್ತಿ ಭಾಳ ಐತೆಲ್ಲ" ಎಂದು ಹಿಂದಿನ ಬಾಗಿಲು ಎಳೆದೆ. ಒಳಗೆ ಸ್ಟೂಲಿನ ಮೇಲೆ ಐವತ್ತೈದರ ಒಬ್ಬ ಹೆಣ್ಣುಮಗಳು. ಉಡಿಯಲ್ಲಿ ಮೆಣಸಿನಕಾಯಿ, ಮೂಗಿಗೆ ಸೆರಗು. ಹುಡುಗನ ಚಿಗವ್ವ, ಎಂದರೆ ತಾಯಿಯ ತಂಗಿ. ಮೂವತ್ತು ವರ್ಷದಿಂದ ಮಾರ್ಕೆಟ್ಟಿನ ದಲಾಲಿ ಅಂಗಡಿಗಳಿಗೆ ಕಾಯಿ ಆರಿಸಿಕೊಡುವ ಕೈ ಅದು.

"ಅಕ್ಕಾರ, ಒಳಗೇನು ಮಾಡಾಕತ್ತೀರಿ?"

"ಎಐ ಅಂತಾರಲ್ರಿ, ಅದು ನಾನಽ."

"ಮತ್ತ ಮ್ಯಾಲಿನ ಕ್ಯಾಮೆರಾ?"

"ಅದಕ್ಕ ಕರೆಂಟ್ ಇಲ್ರಿ. ಆ ವೈರ್ ಕಿತ್ತು ನನಗ ಫ್ಯಾನ್ ಹಚ್ಚಿಕೊಟ್ಟಾನ. ಗುಣಾ ಛಲೋ ಐತ್ರಿ ಹುಡುಗಂದು."

೪. ದೇವರ ಅಪ್ಪಣೆ

ವರದಿ ಬರೆದೆ: ಯಂತ್ರಕ್ಕೆ ಒಂದು ರೂಪಾಯಿಯೂ ಬೇಡ. ಆದರೆ ಅದರೊಳಗೆ ಕೂತವರ ಕೈ ನಾನು ಇದುವರೆಗೆ ಕಂಡ ತಕ್ಕಡಿಗಳಲ್ಲೆಲ್ಲ ನಿಖರವಾದದ್ದು. ಹಾಕುವುದಿದ್ದರೆ ಅವರಿಗೆ ಹಾಕಿರಿ.

ನನ್ನ ಮೊದಲ 'ಹೌದು' ಅದು. ಮ್ಯಾನೇಜರ್ ಕುಣಿದ. ವಾರದೊಳಗೆ ಚಿಗವ್ವನ ಹೆಸರಿಗೆ ಇಪ್ಪತ್ತು ಪುಟಗಳ ಒಪ್ಪಂದ ಬಂತು. ಮಜಬೂತಾದ ಇಂಗ್ಲಿಷ್. ನಡುವೆ ಒಂದು ಷರತ್ತು: ಸಹಿ ಮಾಡಿದ ದಿನದಿಂದ ಬೇರೆ ಯಾರಿಗೂ ಕಾಯಿ ಆರಿಸಿಕೊಡಬಾರದು. ಶನಿವಾರದೊಳಗೆ ಸಹಿ ಆಗಬೇಕು.

ಶುಕ್ರವಾರ ಮಧ್ಯಾಹ್ನ ಚಿಗವ್ವ ನನ್ನನ್ನು ಶೆಡ್ಡಿಗೆ ಕರೆಸಿದರು. ಚಹಾ ಕೊಟ್ಟು, ಒಪ್ಪಂದವನ್ನು ನನ್ನ ಮುಂದಿಟ್ಟರು.

"ಸಾಹೇಬ್ರ, ಮೂರು ಅಂಗಡಿಯವ್ರು ನನ್ನ ಕೈ ನಂಬ್ಯಾರ. ನನ್ನ ಕೈ ನಂಬಿ ಆರು ಮಂದಿ ಹೆಣ್ಮಕ್ಕಳು ಅದಾರ. ಸುಗ್ಗಿ ಎದುರಿಗೆ ಐತಿ. ಅಂಗಡಿ ಈಗ ಬಿಟ್ರ ಮತ್ತ ಕರಿಯಂಗಿಲ್ಲ. ನೀವು ಹೂಂ ಅಂದ್ರ ಮೂರೂ ಬಿಟ್ಟು ಸಹಿ ಮಾಡ್ತೇನಿ. ಆದ್ರ ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮನ್ನ ನೀವು ನೋಡಿದ್ರಿ, ಬಾಗಿಲಾ ತಗದು ನೋಡಿದ್ರಿ. ಅವ್ರ ಬಾಗಿಲಾ ಯಾರು ತಗದು ನೋಡ್ಯಾರ?"

ನಾನು ಕೂಡಲೇ, "ಅವ್ರ ಇಂಗ್ಲಿಷ್ ಭಾಳ ಛಲೋ ಐತಿ" ಎಂದೆ.

ಚಿಗವ್ವ ಮೂಲೆಯ ಹಸಿರು ಯಂತ್ರದ ಕಡೆ ನೋಡಿದರು. "ಅದರ ಬಣ್ಣಾನೂ ಭಾಳ ಛಲೋ ಐತ್ರಿ."

ಚಹಾದ ಬಟ್ಟಲು ಕೆಳಗಿಟ್ಟೆ. ಅಲ್ಲಿಂದಲೇ ಮ್ಯಾನೇಜರನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟೆ.

"ಇಲ್ಲಿತನಕ ಯಾರಿಗಾದರೂ ದುಡ್ಡು ಕೊಟ್ಟಿದ್ದೀರಾ?"

"ಪ್ರೊಸೆಸ್‌ನಲ್ಲಿದೆ ಸರ್. ಅಮ್ಮನವರು ಸಹಿ ಮಾಡಿದ ತಕ್ಷಣ ಅದನ್ನ ಸಿಂಗಾಪುರದವರಿಗೆ ತೋರಿಸ್ತೀವಿ. ಅವರು ನಂಬಿ ದುಡ್ಡು ಹಾಕ್ತಾರೆ."

"ಅಂದರೆ ಸದ್ಯ ನಿಮ್ಮ ಹತ್ತಿರ ದುಡ್ಡು ಇಲ್ಲ."

"ನೆಟ್‌ವರ್ಕ್ ಇದೆ ಸರ್! ಜಕಾರ್ತಾದಲ್ಲೂ ಎಲ್ಲಾ ಹೀಗೇ ಶುರುವಾಗಿದ್ದು. ಸಿಂಗಾಪುರಕ್ಕೆ ತೋರಿಸೋ ಪ್ರೆಸೆಂಟೇಷನ್ ಈಗಲೇ ಕಳಿಸ್ತೀನಿ, ಅಮ್ಮನವರಿಗೆ ತೋರಿಸಿ. ಧೈರ್ಯ ಬರುತ್ತೆ."

ಬಂತು. ಹುಡುಗ ಲ್ಯಾಪ್‌ಟಾಪಿನಲ್ಲಿ ತೆಗೆದು, ಚಿಗವ್ವನಿಗೆ ತಿಳಿಯಲೆಂದು ಒಂದೊಂದೇ ಪುಟ ಕನ್ನಡದಲ್ಲಿ ಹೇಳುತ್ತಾ ಹೋದ. ಮೊದಲು ಭೂಗೋಳ, ಆಮೇಲೆ ಮೇಲಕ್ಕೇರುವ ಗೆರೆಗಳು, ಆಮೇಲೆ ಒಂದು ದೊಡ್ಡ ಪಟ್ಟಿ.

"ಇವ್ರೆಲ್ಲಾ ಉತ್ತರ ಕರ್ನಾಟಕದಾಗ ಅವ್ರ ಸಲಹೆಗಾರರಂತ ಚಿಗವ್ವ. ಒಂದನೇದವ್ರು ಶ್ರೀ ವೀರಭದ್ರ, ಹಿರಿಯ ಸಲಹೆಗಾರರು. ಆಮ್ಯಾಲೆ ಒಬ್ಬರು ಆಹಾರ ತಂತ್ರಜ್ಞಾನ. ಆಮ್ಯಾಲೆ ಒಬ್ಬಾಕಿ ಫ್ಯಾಷನ್ ತಜ್ಞೆ..."

ಬಾಗಿ ಹೆಸರುಗಳನ್ನು ನಾನೇ ಓದಿದೆ. ಆಹಾರ ತಂತ್ರಜ್ಞರು ನನ್ನ ಮಗಳ ಮದುವೆಗೆ ಅಡಿಗೆ ಮಾಡಿದವರು. ಫ್ಯಾಷನ್ ತಜ್ಞೆ ಬಳೆ ಇಡಿಸಿದ ಬಳೆಗಾರ್ತಿ. ನಾನು ಅಂದು ಕಳಿಸಿದ ಒಪ್ಪವಾದ ಪಟ್ಟಿ ಮಗಳ ಲಗ್ನಪತ್ರಿಕೆ ಹಂಚಿದ ಪಟ್ಟಿ. ಡಾಕ್ಟರು, ಹೆಡ್‌ಮಾಸ್ತರು, ಎಂಜಿನಿಯರು ಎಲ್ಲರೂ ಅದರಲ್ಲಿ ಇದ್ದಾರಲ್ಲ ಎಂದು ಓದದೆ ಕಳಿಸಿದ್ದೆ. ಅದರಲ್ಲಿ ಮೊದಲನೆಯವನು ನಮ್ಮ ಮನೆದೇವರು ವೀರಭದ್ರ. ಸಂಬಂಧದ ಖಾನೆಯಲ್ಲಿ ಅವನಿಗೆ 'ಹಿರಿಯರು' ಎಂದು ಬರೆದಿದ್ದೆ. ಇನ್ನು ಫೋನಿನ ಖಾನೆ. ಅದನ್ನು ಖಾಲಿ ಬಿಡಲು ಕೈ ಬರದೆ, ಅವತ್ತು ನಾನು ತುಂಬಿದ್ದ ನಂಬರು...

"ಆ ಒಂದನೇದವ್ರ ನಂಬರ್ ಐತೇನಲೇ?" ಎಂದರು ಚಿಗವ್ವ.

"ಎಲ್ಲಾರದೂ ಐತಿ."

"ಓದು. ಸಾಹೇಬ್ರು ಹಂಗಽ ಮಾಡ್ತಾರಂತ, ಮ್ಯಾಲಿಂದ."

ತಡೆಯಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಹುಡುಗ ಓದಿ ಮುಗಿಸಿದ್ದ, ಚಿಗವ್ವ ಒತ್ತಿ ಮುಗಿಸಿದ್ದರು. ನನ್ನ ಕಿಸೆಯಲ್ಲಿ ಫೋನು ರಿಂಗಾಗತೊಡಗಿತು.

ಹುಡುಗ ನನ್ನ ಕಿಸೆ ನೋಡಿದ, ಪರದೆ ನೋಡಿದ, ಮತ್ತೆ ಕಿಸೆ ನೋಡಿದ. ಚಿಗವ್ವ ಮಾತ್ರ ಫೋನನ್ನು ಕಿವಿಯಿಂದ ಇಳಿಸಲಿಲ್ಲ.

"ಎತ್ರಿ ಸಾಹೇಬ್ರ. ದೇವ್ರನ್ನ ಕಾಯಿಸಬಾರದು."

ಎತ್ತಿದೆ. ಎದುರಿಗೆ ಎರಡು ಮೊಳ ದೂರದಲ್ಲಿ ಕೂತು, ನನ್ನ ಮುಖವನ್ನೇ ನೋಡುತ್ತಾ ಅವರು ಫೋನಿನಲ್ಲಿ ಕೇಳಿದರು: "ವೀರಭದ್ರಪ್ಪಾ, ಸಹಿ ಮಾಡ್ಲೋ ಬ್ಯಾಡೋ?"

ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಸಣ್ಣ ವರದಿಯನ್ನು ನಾನು ಕೊಟ್ಟಿರಲಿಲ್ಲ.

"ಬ್ಯಾಡ್ರಿ" ಎಂದೆ.

ಚಿಗವ್ವ ಫೋನ್ ಇಟ್ಟು, ಇಪ್ಪತ್ತೂ ಪುಟಗಳನ್ನು ಮಡಚಿ ಮೆಣಸಿನಕಾಯಿ ಚೀಲದ ಬಾಯಿಗೆ ತುರುಕಿದರು. ಆಮೇಲೆ ನನ್ನ ಬಟ್ಟಲಿಗೆ ಇನ್ನೊಂದಿಷ್ಟು ಚಹಾ ಹಾಕುತ್ತಾ ಹೇಳಿದರು:

"ಹುಟ್ಟಿದಾಗಿಂದ ಕೈ ಮುಗಿಯಾಕತ್ತೇನ್ರಿ. ದೇವ್ರು ಒಂದೇ ರಿಂಗಿಗೆ ಎತ್ತಿ ಉತ್ತರ ಕೊಟ್ಟಿದ್ದು ಇದಽ ಮೊದಲು ನೋಡ್ರಿ."