ಕೆಂಚಲಾಪುರದ ಬಸ್ ಸ್ಟಾಪು

ಹುನ್ನೂರಿನಾಚೆ ರಸ್ತೆಗೆ ಹತ್ತಿಕೊಂಡಿರುವ ಅಪ್ಪಾಸಾಬನ ಹೊಲಕ್ಕೆ ಮೊದಲಿನಿಂದಲೂ ಕೆಂಚಲಾಪುರ ಎಂದೇ ಹೆಸರು. ಅದೊಂದು ಕಾಲಕ್ಕೆ ಪೇಟೆಯಿದ್ದ ಊರು, ಆದ್ದರಿಂದ ಜಮಖಂಡಿ ಬಸ್ಸು ಹೊಲದಲ್ಲಿರುವ ತನ್ನ ಮನೆಯ ಮುಂದೆ ನಿಲ್ಲಲೇಬೇಕು ಎಂಬುದು ಅವನ ಹಟ. ಬಸ್ಸು ನಿಲ್ಲುವುದು ಊರಿಗೇ ಹೊರತು ಹೊಲಕ್ಕಲ್ಲ ಎಂದು ಪಂಚಾಯ್ತಿ ಅಧ್ಯಕ್ಷೆ ತಂಗೆವ್ವ ಖಡಾಖಂಡಿತವಾಗಿ ಹೇಳಿದ್ದಳು. ಹೆಂಡತಿ ಸೋಮವ್ವ ಮಂಡಿನೋವಿನಲ್ಲಿ ಹುನ್ನೂರಿನ ತನಕ ಕುಂಟುವುದನ್ನು ನೋಡಿ ನೋಡಿ ಅಪ್ಪಾಸಾಬನಿಗೆ ರೋಸಿಹೋಗಿತ್ತು.

ಅದು ಊರಾಗಿತ್ತೋ ಇಲ್ಲವೋ ತೀರ್ಮಾನಿಸಲು ಜಮಖಂಡಿಯಲ್ಲಿ ಇತಿಹಾಸ ಕಲಿಸುವ ವೈಶಾಲಿ ಮೇಡಂ ತಂಗೆವ್ವನ ಜೊತೆ ಬಂದರು. ಊರಿದ್ದಲ್ಲಿ ಬೂದಿಮಣ್ಣಿನ ದಿಬ್ಬ, ಗಡಿಗೆ ಚೂರು, ಬಳೆ ಚೂರು ಇದ್ದೇ ಇರುತ್ತವೆ ಎಂದರು. ಹೊಲವೆಲ್ಲ ಸುತ್ತಿದರೂ ಒಂದು ಚೂರೂ ಸಿಗಲಿಲ್ಲ. ನೆಲ ರೊಟ್ಟಿ ಹಂಚಿನಂತೆ ಸಪಾಟಾಗಿತ್ತು. ಏರಿನ ಮೇಲಿನ ಹೊಲದ ಗಿರಮಲ್ಲಪ್ಪ ತಾನೂ ಬಂದು ನಿಂತು, ಇಲ್ಲಿ ಕುರಿಹಟ್ಟಿ ಬಿಟ್ಟರೆ ಮತ್ತೇನೂ ಇರಲಿಲ್ಲ ಎಂದು ಒಗ್ಗರಣೆ ಹಾಕಿದ.

ಅಪ್ಪಾಸಾಬನ ಮೈಯೆಲ್ಲ ಉರಿಯಿತು. ದಿಬ್ಬ ಖಂಡಿತ ಇತ್ತು, ಆದರೆ ಅದು ಇದ್ದದ್ದು ಅವನ ಹೊಲಕ್ಕೆ ಸೇರಿಕೊಂಡಿದ್ದ ಸರಕಾರಿ ತುಂಡು ನೆಲದಲ್ಲಿ. ಹಾಳೂರಿನ ಬೂದಿಮಣ್ಣು ಗೊಬ್ಬರಕ್ಕಿಂತ ಮೇಲು ಎಂದು ಈ ಸೀಮೆಯವರು ಹೇರಿಕೊಂಡು ಹೋಗುವುದು ಹೊಸದೇನಲ್ಲ. ಗಿರಮಲ್ಲಪ್ಪನೊಂದಿಗೆ ಗಳಸ್ಯ ಕಂಠಸ್ಯವಾಗಿದ್ದ ಕಾಲದಲ್ಲಿ ಇಡೀ ದಿಬ್ಬವನ್ನು ಅವನ ಸವಳು ಹೊಲಕ್ಕೆ ಟ್ರ್ಯಾಕ್ಟರಿನಲ್ಲಿ ಸಾಗಿಸಿದವನು ಅಪ್ಪಾಸಾಬನೇ. ಈಗ ಬಾಯಿ ಬಿಟ್ಟರೆ ಕಳ್ಳತನ ಒಪ್ಪಿಕೊಂಡ ಹಾಗೆ.

"ಊರು ದೊಡ್ಡದಿತ್ತರಿ ಮೇಡಂ. ಏರಿನ ಮ್ಯಾಗಿನ ಕಬ್ಬಿನ ತನಕ ಹಬ್ಬಿತ್ತು. ನಡೀರಿ, ತೋರಸ್ತೇನಿ" ಎಂದು ಅವನೇ ಮುಂದಾಗಿ ಹೊರಟ.

ಗಿರಮಲ್ಲಪ್ಪನ ಕಬ್ಬಿನ ಸಾಲಿನಲ್ಲಿ ಬಗ್ಗಿದಲ್ಲೆಲ್ಲ ಗಡಿಗೆ ಚೂರು, ಬಳೆ ಚೂರು, ಒಂದು ಮಣ್ಣಿನ ಹಣತೆ ಕೂಡ ಸಿಕ್ಕಿತು. ಮೇಡಂ ಸೆರಗಿನ ತುಂಬ ಆಯ್ದುಕೊಂಡರು. ಕೆಂಚಲಾಪುರ ನಿಜವಾಗಿಯೂ ಊರಾಗಿತ್ತು ಎಂದರು. ಅಪ್ಪಾಸಾಬ ಮೀಸೆ ತೀಡಿ ಗಿರಮಲ್ಲಪ್ಪನ ಕಡೆ ನೋಡಿದ.

"ಆದರೆ ನಿಮ್ಮ ಹೊಲದಲ್ಲಲ್ಲ" ಎಂದರು ಮೇಡಂ. "ಊರಿದ್ದದ್ದು ಇಲ್ಲಿ."

ಹಾಗಾದರೆ ಬಸ್ಸು ಗಿರಮಲ್ಲಪ್ಪನ ಹೊಲದ ಮುಂದೆಯೇ ನಿಲ್ಲಲಿ ಎಂದು ತಂಗೆವ್ವ ಅಲ್ಲಿಯೇ ಠರಾಯಿಸಿದಳು. ಆ ಏರು ಹತ್ತುವುದೆಂದರೆ ಸೋಮವ್ವನಿಗೆ ಹುನ್ನೂರಿಗಿಂತ ದೊಡ್ಡ ಶಿಕ್ಷೆ. ಅಪ್ಪಾಸಾಬ ಇನ್ನು ತಡೆಯಲಾರದೆ ಹೋದ.

"ಕೇಸ್ ಹಾಕ್ರಿ, ಜೇಲಿಗೆ ಹಾಕ್ರಿ. ಈ ಮಣ್ಣು ನಮ್ಮಲ್ಲಿದು. ಇಡೀ ಊರ ನಾನ ಟ್ರ್ಯಾಕ್ಟರದಾಗ ಹೇರಿ ಇಲ್ಲಿ ತಂದ ಹಾಕೇನಿ."

ಎಲ್ಲರೂ ಅವನ ಮುಖ ನೋಡಿದರು. ಗಿರಮಲ್ಲಪ್ಪ ತನ್ನ ಮನೆದೇವರು ಬೀರೇಶ್ವರನ ಆಣೆಯೊಂದನ್ನು ಬಿಟ್ಟು ಉಳಿದೆಲ್ಲ ಆಣೆ ಮಾಡಿ, ಮಣ್ಣು ತನ್ನ ಅಜ್ಜನ ಕಾಲದಿಂದಲೂ ಇಲ್ಲಿಯದೇ ಎಂದ.

"ಸ್ಟಾಪಿನ ಆಸೇಕ್ಕ ಕಳ್ಳ ಅನಿಸಿಕೊಳ್ಳಾಕೂ ತಯಾರಾದಿಯಲ್ಲೋ ಯಣ್ಣಾ" ಎಂದಳು ತಂಗೆವ್ವ. "ಊರನ್ನ ಯಾರರ ಟ್ರ್ಯಾಕ್ಟರದಾಗ ಹೇರತಾರೇನು?"

ಗಿರಮಲ್ಲಪ್ಪ ದೊಡ್ಡ ಮನಸ್ಸು ಮಾಡಿ ಅಪ್ಪಾಸಾಬನ ಹೆಗಲ ಮೇಲೆ ಕೈಯಿಟ್ಟ. "ನಮ್ಮೂರಿಗೆ ಬಂದೀರಿ, ಚಾ ಕುಡದ ಹೋಗ್ರಿ."