ಹಿಂದಿನ ಸೀಟಿನ ಪರೀಕ್ಷೆ

ಮಗುವಿನ ಸೀಟು ಕೊಂಡು ತಂದು ಒಂದು ತಿಂಗಳಾಗಿತ್ತು. ಪೆಟ್ಟಿಗೆಯ ಟೇಪನ್ನು ಕೂಡ ಯಾರೂ ಕಿತ್ತಿರಲಿಲ್ಲ. "ಒಂದ್ಸಲ ಕಾರಿಗೆ ಹಾಕಿ ನೋಡ್ರಿ" ಎಂದು ತುಂಬುಬಸುರಿ ಹೆಂಡತಿ ನೂರು ಸಲ ಹೇಳಿದ್ದಳು. "ಹನ್ನೆರಡು ವರ್ಷದಿಂದ ಊರಿನವರಿಗೆಲ್ಲ ಡ್ರೈವಿಂಗ್ ಪರೀಕ್ಷೆ ಮಾಡ್ತಿರೋನು ನಾನು. ಒಂದು ಕುರ್ಚಿ ಕಟ್ಟೋಕೆ ಐದು ನಿಮಿಷ ಸಾಕು" ಎಂದು ಸಾಹೇಬರು ನೂರು ಸಲವೂ ಅದೇ ಉತ್ತರ ಕೊಟ್ಟಿದ್ದರು. ಆ ಐದು ನಿಮಿಷ ಕೊನೆಗೂ ಶುರುವಾದದ್ದು ಮಗುವಿಗೆ ನಾಲ್ಕು ದಿನ ತುಂಬಿದಾಗ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ನೆತ್ತಿ ಸುಡುವ ಮಧ್ಯಾಹ್ನದಲ್ಲಿ.

ಲೈಸೆನ್ಸು ಕೊಡುವ ಅಧಿಕಾರಿಯಾದ ಇವರಿಗೆ ಊರು ಇಟ್ಟಿದ್ದ ಹೆಸರು ಫೇಲ್ ಸಾಹೇಬರು. ಇಂಡಿಕೇಟರ್ ಹಾಕುವುದು ಅರೆಗಳಿಗೆ ತಡವಾದರೆ ಫೇಲು, ತೆಗೆಯುವುದು ಅರೆಗಳಿಗೆ ತಡವಾದರೂ ಫೇಲು. ಅತ್ತರೂ ಅಷ್ಟೇ, ಕೈಮುಗಿದರೂ ಅಷ್ಟೇ. ಇಂಥವರಿಗೆ ಆಸ್ಪತ್ರೆಯಲ್ಲೂ ಒಂದು ನಿಯಮ ಗಂಟುಬಿದ್ದಿತ್ತು. ಕಾರಿನಲ್ಲಿ ಸೀಟು ಸರಿಯಾಗಿ ಕೂತಿದೆ ಎಂದು ನರ್ಸು ನೋಡಿ ಸಹಿ ಮಾಡುವ ತನಕ ಮಗುವನ್ನು ಕಳಿಸುವಂತಿಲ್ಲ. ನಾಲ್ಕು ಗಂಟೆಯೊಳಗೆ ಸಹಿಯಾಗದಿದ್ದರೆ ಇನ್ನೊಂದು ದಿನ ವಾರ್ಡಿನಲ್ಲೇ ವಾಸ.

"ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ ನಾನು. ಇವತ್ತು ನನ್ನ ಹಾಸಿಗೇಲಿ ಮಲಗ್ಲೇಬೇಕು" ಎಂದಿದ್ದಳು ಹೆಂಡತಿ. ಅವಳ ಧ್ವನಿ ಕೇಳಿ ಸಾಹೇಬರಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಸೀಟನ್ನು ಹಿಂದೆ ಇಟ್ಟು, ಬೆಲ್ಟು ಸುತ್ತಿ, ಕೈ ಕೊಡವಿಕೊಂಡು ನರ್ಸನ್ನು ಕರೆದರು. ಆಕೆ ಒಂದು ಹಾಳೆ ಹಿಡಿದು ಬಂದಳು, ಬಗ್ಗಿ ನೋಡಿದಳು, ಹಾಳೆಯ ಮೇಲೆ ಗೀಟು ಎಳೆದಳು.

"ಮುಖ ಮುಂದಕ್ಕಿದೆ ಸಾರ್. ಫೇಲು."

"ರಸ್ತೆ ಇರೋದು ಮುಂದೆ ತಾನೆ ಸಿಸ್ಟರ್?"

"ರಸ್ತೆ ನೋಡೋಕೆ ಮಗು ಕಾರು ಓಡಿಸುತ್ತಾ? ಬ್ರೇಕ್ ಹಾಕಿದ್ರೆ ದೊಡ್ಡ ತಲೆ ಮುಂದಕ್ಕೆ ಎಸೆದ ಹಾಗೆ ಹೋಗುತ್ತೆ, ಎಳೆ ಕತ್ತು ತಡ್ಕೊಳ್ಳಲ್ಲ. ಮುಖ ಹಿಂದಕ್ಕೆ ಇದ್ರೆ ಸೀಟೇ ಬೆನ್ನು, ತಲೆ ಎಲ್ಲಾ ಹಿಡ್ಕೊಳ್ಳುತ್ತೆ."

ಹನ್ನೆರಡು ವರ್ಷದಲ್ಲಿ ಆ ಎರಡಕ್ಷರವನ್ನು ಸಾಹೇಬರು ಹೇಳಿದ್ದೇ ಹೊರತು ಹೇಳಿಸಿಕೊಂಡಿರಲಿಲ್ಲ. ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಸಹಾಯಕ್ಕೆಂದು ಬಾಮೈದ ಬಂದ. ಇವನ ಸಹಾಯ ಯಾವತ್ತೂ ಎರಡು ಕೆಲಸವನ್ನು ನಾಲ್ಕು ಮಾಡುವಂಥದ್ದು.

"ಭಾವ, ಹಿಂದೆ ಯಾಕೆ ಒದ್ದಾಡ್ತೀರಿ? ನಿಮ್ಮ ಪಕ್ಕ ಮುಂದಿನ ಸೀಟಲ್ಲೇ ಕಟ್ಟಿ. ಮುಖ ನೋಡ್ಕೊಂಡೇ ಓಡಿಸ್ಬಹುದು."

ಹಿಂದೆ ಕಾಲು ಚಾಚಲೂ ಜಾಗವಿಲ್ಲದೆ ಬೆವರುತ್ತಿದ್ದ ಸಾಹೇಬರಿಗೆ ಮಾತು ಹಿಡಿಸಿತು. ಎಲ್ಲ ಬಿಚ್ಚಿ, ಮುಖ ಹಿಂದಕ್ಕೆ ತಿರುಗಿಸಿ, ಮುಂದೆ ಕಟ್ಟಿದರು. ನರ್ಸು ಬಂದಳು. ಈ ಸಲ ಬಗ್ಗಲೂ ಇಲ್ಲ.

"ಎದುರಿಗೆ ಏರ್‌ಬ್ಯಾಗ್ ಇದೆ. ಅದು ಬಿಚ್ಚಿಕೊಂಡ್ರೆ ಮಗುವಿನ ತಲೆ ಹಿಂದೇನೇ ಬಂದು ಹೊಡೆಯುತ್ತೆ. ಇದೂ ಗೊತ್ತಿಲ್ವಾ ಸಾರ್ ನಿಮಗೆ?"

ಗೊತ್ತಿತ್ತು. ದಿನಾ ಬೇರೆಯವರಿಗೆ ಹೇಳುತ್ತಿದ್ದ ಪಾಠವೇ ಅದು. ಬಾಮೈದನನ್ನು ನೋಡಿದ ನೋಟಕ್ಕೆ ಶಕ್ತಿಯಿದ್ದಿದ್ದರೆ ಅವನು ಅಲ್ಲೇ ಬೂದಿಯಾಗುತ್ತಿದ್ದ.

ಮತ್ತೆ ಹಿಂದಿನ ಸೀಟಿಗೆ. ಗೇಟು ಕಾಯುವವನೂ ಕುರ್ಚಿ ಬಿಟ್ಟೆದ್ದು ಬಂದ. "ಅಲ್ಲಾಡ್ತಿದೆ ಸಾರ್" ಎಂದ. ಅಲ್ಲಾಡುತ್ತಿತ್ತು, ಬೀಳಲಿರುವ ಹಲ್ಲಿನ ಹಾಗೆ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಜಗ್ಗಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಕದಲಕೂಡದು ಎಂದು ಸೀಟಿನ ಜೊತೆ ಬಂದ ಪುಸ್ತಕ ಹೇಳುತ್ತಿತ್ತು. ಕೊನೆಗೆ ಬಾಮೈದ ಸೀಟಿನೊಳಗೆ ಮೊಣಕಾಲೂರಿ ಮೈಭಾರ ಬಿಟ್ಟ, ಗೇಟಿನವನು ಆಚೆ ಬಾಗಿಲಿನಿಂದ ಬೆಲ್ಟು ಎಳೆದ, ಮಧ್ಯೆ ಸಿಕ್ಕಿಕೊಂಡಿದ್ದ ಸಾಹೇಬರ ಹೆಬ್ಬೆರಳು ಅಪ್ಪಚ್ಚಿಯಾಯಿತು. ಸೀಟು ಮಾತ್ರ ಬಂಡೆಯಂತೆ ಕೂತಿತು.

ಆಗ ಹೆಂಡತಿ, ಮಗುವನ್ನೆತ್ತಿಕೊಂಡ ಅತ್ತೆಯೊಡನೆ ಕೆಳಗಿಳಿದು ಬಂದಳು. ಮಗುವಿನ ಮೇಲೆ ಎರಡು ಸ್ವೆಟರು, ಮೇಲೊಂದು ದಪ್ಪ ಕಂಬಳಿ. ಮೂಗಿನ ತುದಿ ಬಿಟ್ಟರೆ ಮಗುವೆಂದು ಗುರುತು ಹಿಡಿಯುವಂಥದ್ದೇನೂ ಕಾಣುತ್ತಿರಲಿಲ್ಲ. ಹಾಗೇ ಕೂರಿಸಿ ಪಟ್ಟಿ ಬಿಗಿದರು. ನರ್ಸು ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿದಳು. ಸಡಿಲ ಪಟ್ಟಿ ಚಿವುಟಿಗೆ ಸಿಕ್ಕಿತು.

"ಪಟ್ಟಿ ಕಂಬಳಿನ ಹಿಡ್ಕೊಂಡಿದೆ, ಮಗುನ ಅಲ್ಲ. ಫೇಲು."

"ನೋಡಿ ಅಳಿಯಂದಿರೇ" ಎಂದರು ಅತ್ತೆ, "ನಾವು ನಾಲ್ಕು ಮಕ್ಕಳನ್ನ ಮಡಿಲಲ್ಲೇ ಇಟ್ಕೊಂಡು ಬಂದ್ವಿ. ಯಾರಿಗೇನಾಯ್ತು?"

ಸಾಹೇಬರು ಬಾಮೈದನ ಕಡೆ ನೋಡಿದರು.

ಸ್ವೆಟರು, ಕಂಬಳಿ ಕಳಚಿದ್ದಾಯಿತು. ತೆಳು ಅಂಗಿಯಲ್ಲಿ ಮಗುವನ್ನು ಕೂರಿಸಿ, ಪಟ್ಟಿಗಳನ್ನು ಹೆಗಲಿಗೆ ತುಸು ಕೆಳಗಿನ ತೂತಿನಲ್ಲಿ ತೂರಿಸಿ, ಬಿಗಿದು, ಗಲ್ಲ ಎದೆಗೆ ಬೀಳದಂತೆ ಸೀಟನ್ನು ಹಿಂದಕ್ಕೆ ವಾಲಿಸಿ, ಕಂಬಳಿಯನ್ನು ಪಟ್ಟಿಯ ಮೇಲಿಂದ ಹೊದಿಸಿದರು. ನರ್ಸು ಚಿವುಟಿದಳು. ಸಿಗಲಿಲ್ಲ. ಜಗ್ಗಿದಳು. ಕದಲಲಿಲ್ಲ. ಸಮಯ ಮೂರೂವರೆ.

"ಪಾಸ್" ಎಂದಳು.

ಗೇಟಿನವನು ಚಪ್ಪಾಳೆ ತಟ್ಟಿದ. ಸರ್ಕಾರಿ ಕೆಲಸ ಸಿಕ್ಕಿದ ದಿನವೂ ಸಾಹೇಬರಿಗೆ ಅಷ್ಟು ಸಂತೋಷವಾಗಿರಲಿಲ್ಲ.

"ಮಗುನ ಯಾರು ಕರ್ಕೊಂಡು ಹೋಗ್ತಿದಾರೆ ಅಂತ ಬರ್ಕೋಬೇಕು. ಏನಾದ್ರೂ ಗುರುತಿನ ಕಾರ್ಡು ಕೊಡಿ ಸಾರ್."

ಜೇಬಿನಲ್ಲಿ ಕಚೇರಿಯ ಕಾರ್ಡಿತ್ತು. ಅದನ್ನು ಕೊಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಪಾಸಾದ ಹುಮ್ಮಸ್ಸು. ಎದೆಯುಬ್ಬಿಸಿ ಡ್ರೈವಿಂಗ್ ಲೈಸೆನ್ಸನ್ನೇ ತೆಗೆದುಕೊಟ್ಟರು.

ನರ್ಸು ಹೆಸರು ಬರೆದುಕೊಂಡಳು. ಸಂಖ್ಯೆ ಬರೆದುಕೊಂಡಳು. ಆಮೇಲೆ ಪೆನ್ನು ನಿಂತಿತು.

"ಸಾರ್, ಇದರ ಅವಧಿ ಮುಗಿದು ಮೂರು ತಿಂಗಳಾಯ್ತಲ್ಲ?"

ಸಾಹೇಬರು ಕಸಿದುಕೊಂಡು ನೋಡಿದರು. ಬಿಸಿಲಿಗೆ ಹಿಡಿದು ನೋಡಿದರು. ತಾರೀಕು ಬದಲಾಗಲಿಲ್ಲ.

"ಹಾಗಾದ್ರೆ ಗೇಟು ತೆಗೆಯೋ ಹಾಗಿಲ್ಲ ಸಾರ್" ಎಂದ ಗೇಟಿನವನು, ಬಹಳ ವಿನಯದಿಂದ.

"ಬೇರೆ ಯಾರಾದ್ರೂ ಓಡಿಸ್ಲಿ ಬಿಡಿ" ಎಂದರು ಅತ್ತೆ. "ಇವನಿಲ್ವಾ?"

"ಎರಡು ಸಲ ಫೇಲ್ ಮಾಡಿದಾರಮ್ಮ ಭಾವ" ಎಂದ ಬಾಮೈದ.

ಸಾಹೇಬರು ಗೇಟಿನವನತ್ತ ತಿರುಗಿದರು.

"ನನ್ನನ್ನ ರಿವರ್ಸ್ ತೆಗೆಯೋದ್ರಲ್ಲಿ ಫೇಲ್ ಮಾಡಿದ್ರಿ ಸಾರ್. ಡ್ರೈವರ್ ಆಗ್ಬೇಕು ಅಂತಿದ್ದೆ, ಗೇಟು ಕಾಯ್ತಿದೀನಿ."

ನರ್ಸು ಹಾಳೆಯಿಂದ ತಲೆಯೆತ್ತದೆ ಹೇಳಿದಳು: "ನಂದು ಮೂರು ಸಲ."

ಉಳಿದವಳು ಹೆಂಡತಿ. ಅವಳ ಕಡೆ ನೋಡಲು ಅವರಿಗೆ ಧೈರ್ಯ ಸಾಲಲಿಲ್ಲ, ಆದರೂ ನೋಡಿದರು.

"ನನ್ನನ್ಯಾಕೆ ನೋಡ್ತೀರಿ? ಮದುವೆಯಾದ ವಾರದಲ್ಲೇ ಫೇಲ್ ಮಾಡಿದ್ರಲ್ಲ. ಕನ್ನಡೀಲಿ ಹಿಂದಿನ ಗಾಡಿ ನೋಡೋದು ಬಿಟ್ಟು ನಿಮ್ಮನ್ನ ನೋಡಿ ನಕ್ಕೆ ಅಂತ."

ಊರಿನಲ್ಲಿ ಲೈಸೆನ್ಸಿರುವವನನ್ನು ಹುಡುಕಲು ಉಳಿದದ್ದು ಟ್ಯಾಕ್ಸಿ ಸ್ಟ್ಯಾಂಡೊಂದೇ. ಬಾಮೈದ ಓಡಿಹೋಗಿ ಒಬ್ಬನನ್ನು ಕರೆತಂದ. "ನನ್ನ ಗಾಡಿ ಇಲ್ಲಿ ಬಿಟ್ಟು ನಿಮ್ಮದು ಓಡ್ಸೋಕಾಗಲ್ಲ" ಎಂದ ಅವನು. "ಇದರಲ್ಲೇ ಹತ್ತಿ."

"ಗಾಡಿ ಬೇರೆ ಆದ್ರೆ ಸೀಟು ಬಿಚ್ಚಿ ಅದರಲ್ಲಿ ಕಟ್ಟಿ ತೋರಿಸ್ಬೇಕು" ಎಂದು ನರ್ಸು ಹೊಸ ಹಾಳೆ ತೆಗೆದಳು. ಗಂಟೆ ನಾಲ್ಕಕ್ಕೆ ಹತ್ತು ನಿಮಿಷ.

ಸಾಹೇಬರು ಊದಿದ ಹೆಬ್ಬೆರಳನ್ನು ಊದಿಕೊಳ್ಳುತ್ತ ಟ್ಯಾಕ್ಸಿಯ ಹಿಂದಿನ ಬಾಗಿಲು ತೆಗೆದರು. ಈ ತುದಿಯಿಂದ ಆ ತುದಿಯವರೆಗೆ ತಡವಿದರು.

"ಬೆಲ್ಟು ಎಲ್ಲಪ್ಪಾ?"

"ಹಿಂದಿನ ಬೆಲ್ಟಾ ಸಾರ್? ಸೀಟ್ ಕವರ್ ಹೊಲಿಸಿದಾಗ ಒಳಗೇ ಹೋಯ್ತು. ಎರಡು ವರ್ಷವಾಯ್ತು, ಯಾರೂ ಕೇಳೇ ಇಲ್ಲ ನೋಡಿ."

ಸಾಹೇಬರು ಹೊಲಿಗೆ ಬಿಚ್ಚಲು ಬಾಮೈದನ ಕೈಯಿಂದ ಬೀಗದ ಕೈ ಇಸಿದುಕೊಂಡರು. ಹೆಂಡತಿ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಮಗುವಿನ ಪಟ್ಟಿಯನ್ನು ಒಂದೇ ಕೈಯಲ್ಲಿ ಟಕ್ಕನೆ ಬಿಚ್ಚಿ ಮಗುವನ್ನು ಎತ್ತಿಕೊಂಡಳು.

"ಅಮ್ಮಾ, ನಡಿ ಬೇಗ" ಎಂದಳು. "ವಾರ್ಡಿನ ಆ ಹಾಸಿಗೇನ ಬೇರೆಯವರಿಗೆ ಕೊಟ್ಟುಬಿಟ್ಟಾರು."