ನನ್ನ ಡಿಗ್ರಿಯ ಬಿಟ್ಟುಹೋದ ಫ್ರೇಮುಗಳು

ಹತ್ತರಗಿಯ ನಮ್ಮ ಸೋದರಮಾವ ‘ಆಗೂದಿಲ್ಲ ಬಿಡು’ ಎಂದ ಯಾವ ಕೆಲಸವೂ ಈತನಕ ಆಗದೆ ಉಳಿದಿಲ್ಲ. ಹೈವೇ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ಆಗೂದಿಲ್ಲ ಎಂದರು. ಈಗ ರಸ್ತೆಯ ಆಚೆ ಬದಿಯ ಅಂಗಡಿಯಿಂದ ಒಂದು ಎಲೆಅಡಿಕೆ ತರಬೇಕಾದರೆ ಅರ್ಧ ಊರು ಸುತ್ತಿಬರುತ್ತಾರೆ. ಹೊಲದಲ್ಲಿ ಬೋರಿಗೆ ನೀರು ಬೀಳೂದಿಲ್ಲ ಎಂದರು. ಬಿದ್ದ ನೀರಿಗೆ ಬೋರು ಕೊರೆಯುವವರೇ ತೊಯ್ದು ತೊಪ್ಪೆಯಾದರು. ಹೀಗಾಗಿ, ನಾನು ಹತ್ತನೆಯ ತರಗತಿ ಪಾಸಾದ ವರ್ಷ ಮಾಮಾ ನಮ್ಮ ಅವ್ವನೆದುರು ಕೂತು, ಚಹಾದ ಬಶಿ ಕೆಳಗಿಟ್ಟು, ‘ಸಾಕ ಇನ್ನ, ನಮ್ಮ ಮನಿತನದಾಗ ಡಿಗ್ರಿ ಗಿಗ್ರಿ ಆಗೂದಿಲ್ಲ ಬಿಡು’ ಎಂದಾಗ ನನಗೆ ಒಳಗೊಳಗೇ ಧೈರ್ಯ ಬಂದಿತು. ಇನ್ನು ಇದು ಆಗಿಯೇ ಆಗುತ್ತದೆ ಎಂದುಕೊಂಡೆ. ಆಯಿತು. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಬಳಗ ಜಾಲಾಡಿದರೂ ಮೊದಲ ಪದವಿ ನನ್ನದೇ. ಇದನ್ನು ನಾನು ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂದರ್ಭವಿಲ್ಲದಿದ್ದರೂ ಹೇಳುತ್ತೇನೆ. ಬೆಳಿಗ್ಗೆ ಗೋಕಾಕದ ಬಸ್ಸಿನಲ್ಲಿ ಬಾಜೂ ಕೂತವರು ‘ಎಲ್ಲಿಗಿ ಹೊಂಟೀರಿ ಅಕ್ಕಾರ’ ಎಂದರೆ, ಮೂಡಲಗಿ ಎಂದಷ್ಟೇ ಹೇಳಿ ಸುಮ್ಮನಾಗುವುದು ನನ್ನಿಂದ ಸಾಧ್ಯವಿಲ್ಲ. ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಬಿ.ಎಸ್ಸಿ. ಆಗಿದೆ, ಅದೂ ನಮ್ಮ ಮನೆತನದಲ್ಲೇ ಮೊದಲು ಎಂದು ವಿವರಿಸುವಷ್ಟರಲ್ಲಿ ಅವರು ಇಳಿಯುವ ಊರು ಬಂದಿರುತ್ತದೆ. ಬರದಿದ್ದರೂ ಕೆಲವರು ಇಳಿದುಬಿಡುತ್ತಾರೆ.

ಕಲಿತದ್ದು ನಾನು, ಕಲಿಸಿದ್ದು ಅವ್ವನ ಕೈ. ಅಪ್ಪ ತೀರಿಕೊಂಡ ಮೇಲೆ ಅವಳು ಗೋಕಾಕದ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡತೊಡಗಿದಳು. ನಾನು ಪಾಠ ಓದಿ ಬಾಯಿಪಾಠ ಮಾಡುತ್ತಿದ್ದದ್ದೇ ಆ ಪಟಪಟ ಸಪ್ಪಳದ ತಾಳಕ್ಕೆ. ಇಂದಿಗೂ ಸುತ್ತಮುತ್ತ ನಿಶ್ಶಬ್ದವಾಗಿದ್ದರೆ ನನ್ನ ತಲೆಗೆ ಏನೂ ಹತ್ತುವುದಿಲ್ಲ. ಪದವಿ ಮುಗಿದ ವರ್ಷ ಕಾಲೇಜಿನಲ್ಲಿ ಸಮಾರಂಭ ಮಾಡಿ, ವೇದಿಕೆಯ ಮೇಲೆ ಕರೆದು ಸರ್ಟಿಫಿಕೇಟು ಕೊಡುತ್ತಾರೆ ಎಂದಾಗ ಅವ್ವ ಇಳಕಲ್ಲ ಸೀರೆ ತೆಗೆದು ಗಾಳಿಗೆ ಹಾಕಿದಳು. ಆದರೆ ಅದೇ ದಿನ ಖಾನಾವಳಿಗೆ ಯಾವುದೋ ಮದುವೆಯ ಬೀಗರ ದಂಡು ಬಂದಿಳಿಯಿತು. ‘ನೀ ಮುಂದ ನಡಿ ಯವ್ವಾ, ಇಷ್ಟ ಹಿಟ್ಟ ತೀರಿಸಿ ಬಂದ್ನಿ’ ಎಂದಳು. ಅವಳು ಇಳಕಲ್ಲ ಸೀರೆ ಉಟ್ಟು ಕಾಲೇಜಿನ ಗೇಟಿಗೆ ಬಂದಾಗ ಒಳಗೆ ಪೆಂಡಾಲಿನವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವಳೇನೂ ಅಳಲಿಲ್ಲ. ‘ಇರ್ಲಿ ಬಿಡು, ವಿಡಿಯೋ ಹೊಡದಾರಲ್ಲ, ಅದರಾಗ ನೋಡ್ತೇನಿ’ ಎಂದಳು, ಅಷ್ಟೇ.

ವಿಡಿಯೋ ಹೊಡೆದ ಶಿವಪುತ್ರಣ್ಣ ‘ನಾಳಿ ಕೊಡ್ತೇನ್ರಿ’ ಎಂದವನು, ಆ ನಾಳೆ ಬರುವ ಮೊದಲೇ ಸ್ಟುಡಿಯೋ ಎತ್ತಿಕೊಂಡು ಹುಕ್ಕೇರಿಗೆ ಹೋದ. ನಾನೂ ಬಿ.ಇಡಿ., ನೌಕರಿ, ಮನೆ ಎಂದು ಓಡಾಡಿದೆ. ವರ್ಷಗಳು ಕಳೆದವು. ಈಚೆಗೆ ಅವನು ಅಂಗಡಿ ಖಾಲಿ ಮಾಡುತ್ತಿದ್ದಾನೆಂದು ತಿಳಿದು ಹುಕ್ಕೇರಿಗೆ ಹೋದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಆ ಟೇಪು ಸಿಕ್ಕಿತು. ಜೊತೆಗೆ ಅದನ್ನು ಓಡಿಸಬಲ್ಲ ಹಳೆಯ ಕ್ಯಾಮೆರಾವನ್ನೂ ಕೊಟ್ಟ. ‘ಇದರ ಪರದೆ ಕರ್ರಗಾಗೇತಿ, ಟೀವಿಗೆ ಹಚ್ಚೂ ವಾಯರಿನ ತೂತ ಮುರದೈತಿ. ಲ್ಯಾಪ್‌ಟಾಪಿನಾಗ ಇಳಿಸಿಕೊಂಡ್ರ ನೋಡಬಹುದು. ಆದ್ರ ಟೇಪಿಗೆ ಬೂಷ್ಟ ಹಿಡದೈತ್ರಿ, ಭಾಳ ಸಲ ಓಡಿಸಬ್ಯಾಡ್ರಿ, ಹರದ್ರ ಮುಗೀತು’ ಎಂದು ಎಚ್ಚರಿಸಿದ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ವಾಯರು ಸೇರುವ ತೂತೇ ಇಲ್ಲವಾದ್ದರಿಂದ, ಗೋಕಾಕದ ರಿಪೇರಿ ಅಂಗಡಿಯೊಂದರಲ್ಲಿ ಹಳೆಯದೊಂದನ್ನು ಹುಡುಕಿ ತಂದೆ. ಅದರ ತೂಕಕ್ಕೆ ಅದನ್ನು ತೊಡೆಯ ಮೇಲಿಟ್ಟುಕೊಂಡವರು ಆಮೇಲೆ ಎದ್ದು ನಿಲ್ಲಲು ಯಾರದಾದರೂ ಕೈ ಹಿಡಿಯಬೇಕಾಗುತ್ತದೆ.

ಟೇಪಿನಿಂದ ಲ್ಯಾಪ್‌ಟಾಪಿಗೆ ವಿಡಿಯೋ ಇಳಿಸುವುದೆಂದರೆ ಹಂಡೆಯಿಂದ ಕೊಡಕ್ಕೆ ನೀರು ಸುರಿದಂತಲ್ಲ. ಕ್ಯಾಮೆರಾ ಪಂಕ್ತಿಯಲ್ಲಿ ಹುಗ್ಗಿ ಬಡಿಸುವವನಿದ್ದ ಹಾಗೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಬಡಿಸುತ್ತಾ ನಡೆದೇಬಿಡುತ್ತದೆ. ಲ್ಯಾಪ್‌ಟಾಪು ಆ ಕ್ಷಣಕ್ಕೆ ಎಲೆ ಒಡ್ಡಲಿಲ್ಲವೋ, ಆ ಚಿತ್ರ ಹೋಯಿತು. ಬಡಿಸುವವನು ಹಿಂತಿರುಗಿ ಬರುವುದಿಲ್ಲ. ಇದಕ್ಕೆ ಫ್ರೇಮು ಬಿಟ್ಟುಹೋಗುವುದು ಎನ್ನುತ್ತಾರೆ. ಎಷ್ಟು ಬಿಟ್ಟುಹೋದವು ಎಂಬ ಲೆಕ್ಕವನ್ನು ಪರದೆಯ ಕೆಳಗೆ ಲ್ಯಾಪ್‌ಟಾಪು ತಾನೇ ತೋರಿಸುತ್ತದೆ. ತಪ್ಪು ಮಾಡಿದವರು ತಾವೇ ಲೆಕ್ಕ ಒಪ್ಪಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಒಂಬತ್ತನೆಯ ತರಗತಿಯಲ್ಲಂತೂ ಇಲ್ಲ.

ಮೊದಲ ಸಲ ಇಳಿಸಿದ ದಿನ ಮಾಮಾ ಕೂಡ ನಮ್ಮ ಮನೆಯಲ್ಲಿದ್ದರು. ಗೋಕಾಕದಲ್ಲಿ ಹಲ್ಲಿನ ಸೆಟ್ಟು ಮಾಡಿಸಿಕೊಳ್ಳಲು ಬಂದು, ಸೆಟ್ಟು ತಯಾರಾಗುವತನಕ ತಂಗಿಯ ಮನೆಯಲ್ಲಿ ಉಳಿದಿದ್ದರು. ಇಳಿಸಿದ್ದನ್ನು ಹಚ್ಚಿ ಮೂವರೂ ಕೂತೆವು. ವೇದಿಕೆ ಬಂತು, ನನ್ನ ಹೆಸರು ಕೂಗಿದರು, ನಾನು ಮೆಟ್ಟಿಲು ಹತ್ತಿದೆ, ಪ್ರಿನ್ಸಿಪಾಲರು ಮೇಜಿನಿಂದ ಸರ್ಟಿಫಿಕೇಟು ಎತ್ತಿದರು. ಮರುಕ್ಷಣ ನಾನು ಸೆರಗು ಸರಿಮಾಡಿಕೊಳ್ಳುತ್ತಾ ಮೆಟ್ಟಿಲು ಇಳಿಯುತ್ತಿದ್ದೆ. ನಡುವೆ ಏನೂ ಇಲ್ಲ. ಬುಡದಲ್ಲಿ ಬಿಟ್ಟುಹೋದ ಫ್ರೇಮುಗಳ ಸಂಖ್ಯೆ ನಮ್ಮ ಶಾಲೆಯ ಹಾಜರಿಗಿಂತ ದೊಡ್ಡದಾಗಿತ್ತು.

‘ಕೊಟ್ಟದ್ದ ಕಾಣಲಿಲ್ಲಲ್ಲ ಬೇ ಕಸ್ತೂರಿ’ ಎಂದರು ಮಾಮಾ ನನಗೆ, ಹಲ್ಲಿಲ್ಲದ ಬಾಯಿಯಿಂದ.

‘ಫ್ರೇಮ್ ಬಿಟ್ಟಾವ್ರಿ ಮಾಮಾ.’

‘ಬಿಟ್ಟಾವೋ, ಮೊದಲ ಇದ್ದಿದ್ದಿಲ್ಲೋ?’

ಅವ್ವ ‘ಮುಂದಿನ ಸಲ ಬರ್ತೈತಿ ಬಿಡು’ ಎಂದು ಎದ್ದಳು. ಹೀಗೆ ಸಮಾಧಾನ ಹೇಳುವವರ ಎದುರು ಸೋಲುವಷ್ಟು ಕಷ್ಟ ಬೇರೊಂದಿಲ್ಲ.

ಆದರೆ ನಾನು ಗಣಿತದವಳು. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ ನೋಡಬೇಕು ಎಂಬುದು ನನಗೆ ಗೊತ್ತು. ನನ್ನ ಟೇಪನ್ನು ಪದೇ ಪದೇ ಓಡಿಸುವ ಹಾಗಿಲ್ಲವಾದ್ದರಿಂದ, ಪರೀಕ್ಷೆಗೆಂದು ಶಿವಪುತ್ರಣ್ಣ ಬೇಡವೆಂದು ಬಿಟ್ಟಿದ್ದ ಅಂಕಲಗಿಯ ಒಂದು ಮದುವೆಯ ಟೇಪು ತಂದೆ. ದಿನಾ ಶಾಲೆಯಿಂದ ಬಂದವಳೇ ಆ ಮದುವೆಯಲ್ಲಿ ಕೂರುವುದೇ ಕೆಲಸವಾಯಿತು. ಬ್ಯಾಟರಿಯಲ್ಲಿ ನಡೆಸಿದರೆ ಲ್ಯಾಪ್‌ಟಾಪು ಉಳಿತಾಯಕ್ಕಿಳಿದು ನಿಧಾನವಾಗುತ್ತದೆ ಎಂದು ಕರೆಂಟಿಗೇ ಹಾಕಿದೆ. ವೈರಸ್ ಹುಡುಕುವ ಕಾವಲುಗಾರನನ್ನು ಮಲಗಿಸಿದೆ. ಇಂಟರ್‌ನೆಟ್ ಕಿತ್ತೆ. ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದುದನ್ನೆಲ್ಲ ಒಪ್ಪವಾಗಿ ಜೋಡಿಸಿದೆ. ಇಳಿಸುವಾಗ ಚಿತ್ರ ತೋರಿಸುವುದೂ ಅದಕ್ಕೆ ಹೊರೆ ಎಂದು ಚಿತ್ರ ಮುಚ್ಚಿ ಸಪ್ಪಳ ಮಾತ್ರ ಬಿಟ್ಟೆ. ಕೊನೆಗೆ ಒಂದು ಫ್ರೇಮೂ ಬೀಳದೆ ಇಡೀ ಮದುವೆ ಇಳಿಯಿತು. ಈಗ ಅಂಕಲಗಿಯಲ್ಲಿ ಆ ವರನ ಚಿಕ್ಕಪ್ಪ ಎದುರಾದರೆ, ಅಕ್ಕಿಕಾಳು ಹಾಕುವಾಗ ಯಾಕೆ ಮುಖ ತಿರುಗಿಸಿದಿರಿ ಎಂದು ಕೇಳುವಷ್ಟು ಸಲಿಗೆ ನನಗಿದೆ.

ಭಾನುವಾರ ಮಧ್ಯಾಹ್ನ ಬಹಳ ಗತ್ತಿನಿಂದ ನನ್ನ ಟೇಪು ಹಾಕಿದೆ. ಪರಿಣಾಮ ಮೊದಲಿನದೇ. ಪ್ರಿನ್ಸಿಪಾಲರು ಸರ್ಟಿಫಿಕೇಟು ಎತ್ತುತ್ತಾರೆ, ನಾನು ಮೆಟ್ಟಿಲು ಇಳಿಯುತ್ತೇನೆ. ‘ಕಂಪ್ಯೂಟರಿಗೂ ಖರೆ ಅನಸವಲ್ದು ನೋಡು’ ಎಂದರು ಮಾಮಾ. ನನಗೆ ನಿಜವಾಗಿ ಸಿಟ್ಟು ಬಂತು. ಅಂಕಲಗಿಯ ಅಪರಿಚಿತರ ಮದುವೆಯನ್ನು ಅಕ್ಷತೆಯ ಕಾಳಿನ ಸಮೇತ ಹಿಡಿದಿಟ್ಟ ಯಂತ್ರ, ನನ್ನ ಡಿಗ್ರಿಯನ್ನು ಮಾತ್ರ ಒಪ್ಪುವುದಿಲ್ಲವೆಂದರೆ? ಟೇಪನ್ನು ಹಿಂದಕ್ಕೆ ಸುತ್ತಿಸುವಾಗ ಅದು ಕಿರ್ರೆಂದು ನರಳಿತು. ಇನ್ನೊಂದೇ ಸಲ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಓಡಿಸುವ ಧೈರ್ಯ ನನಗಿರಲಿಲ್ಲ.

ಈ ಸಲ ಕಣ್ಣು ಕೀಳದೆ ಪರದೆಯನ್ನೇ ನೋಡುತ್ತಾ ಕೂತೆ. ಸ್ವಾಗತ ಭಾಷಣಕ್ಕೆ ಒಂದೂ ಬೀಳಲಿಲ್ಲ. ಅತಿಥಿಗಳ ಭಾಷಣ ಶುರುವಾಗುತ್ತಿದ್ದಂತೆ ಫ್ರೇಮುಗಳು ಉದುರತೊಡಗಿದವು. ಪರದೆಯ ಮೂಲೆಯಲ್ಲಿ ಇಷ್ಟು ದಿನ ನಾನು ಗಮನಿಸದಿದ್ದ ಒಂದು ಹಳದಿ ಗುರುತು ಹೊತ್ತಿಕೊಂಡಿತು. ಕೆಲ ಹೊತ್ತು ಹೊತ್ತಿ, ಆರಿ, ತುಸು ಬಿಟ್ಟು ಮತ್ತೆ ಹೊತ್ತಿತು. ಈ ತಾಳ ನನಗೆ ಹುಟ್ಟಿದಾಗಿನಿಂದ ಗೊತ್ತು. ಪಟಪಟ ಬಡಿತ, ಹೆಂಚಿಗೆ ಹಾಕುವಾಗ ಬಿಡುವು, ಮತ್ತೆ ಪಟಪಟ.

ತಟ್ಟನೆ ಟೇಪು ನಿಲ್ಲಿಸಿದೆ. ನಮ್ಮ ಮನೆ ಕಟ್ಟುವಾಗ ಗೌಂಡಿ ಒಂದೇ ಉದ್ದನೆಯ ಕಡಪಾ ಕಲ್ಲನ್ನು ಗೋಡೆಯ ಕಿಂಡಿಯಿಂದ ಹಾಯಿಸಿದ್ದ. ಅದರ ಅತ್ತ ತುದಿ ಅಡುಗೆಕಟ್ಟೆ, ಇತ್ತ ತುದಿ ಹಾಲಿನಲ್ಲಿ ಸಾಮಾನು ಇಡುವ ಹಲಗೆ. ಕರೆಂಟಿನ ಪಾಯಿಂಟು ಅಲ್ಲೇ ಇದ್ದುದರಿಂದ ಲ್ಯಾಪ್‌ಟಾಪನ್ನು ನಾನು ಅಲ್ಲೇ ಇಡುತ್ತಿದ್ದೆ. ಗುರುತಿನ ಮೇಲೆ ಒತ್ತಿ ನೋಡಿದರೆ ಅದರ ಅರ್ಥ ತಿಳಿಯಿತು. ಈ ಲ್ಯಾಪ್‌ಟಾಪಿಗೆ ಪೆಟ್ಟು ಬಿದ್ದರೆ, ತಾನು ಕೆಳಗೆ ಬೀಳುತ್ತಿದ್ದೇನೆ ಎಂದುಕೊಂಡು ಡಿಸ್ಕಿನ ಮೇಲೆ ಬರೆಯುವ ಸೂಜಿಯನ್ನು ಎತ್ತಿಕೊಂಡುಬಿಡುತ್ತದೆ, ಡಿಸ್ಕಿಗೆ ಗೀರು ಬೀಳಬಾರದೆಂದು. ಅವ್ವ ಆ ತುದಿಯಲ್ಲಿ ಒಂದೊಂದು ರೊಟ್ಟಿ ಬಡಿದಾಗಲೂ ಈ ತುದಿಯಲ್ಲಿ ಇದು ಸತ್ತೆನೋ ಕೆಟ್ಟೆನೋ ಎಂದು ಬರೆಯುವುದನ್ನೇ ಬಿಡುತ್ತಿತ್ತು. ಮದುವೆಯ ಟೇಪು ಸರಿಯಾಗಿ ಇಳಿದದ್ದು ಅವ್ವ ಸಂಜೆ ಖಾನಾವಳಿಗೆ ರೊಟ್ಟಿ ಮುಟ್ಟಿಸಲು ಹೋದ ಹೊತ್ತಿನಲ್ಲಿ. ನನ್ನ ಟೇಪು ಹಾಕಿದಾಗಲೆಲ್ಲ ಮಾಮಾನಿಗೆ ಊಟದ ಹೊತ್ತು. ಹಲ್ಲಿಲ್ಲದ ಅಣ್ಣನಿಗೆ ಬಿಸಿಬಿಸಿ, ಮೆತ್ತನೆಯ ರೊಟ್ಟಿ ಆಗಬೇಕು. ಅದಕ್ಕಿಂತ ಹೆಚ್ಚಾಗಿ, ಕಿಂಡಿಯಿಂದ ಅವ್ವನಿಗೆ ಸಪ್ಪಳ ಕೇಳಿಸುತ್ತಿತ್ತು. ನನ್ನ ಹೆಸರು ಹತ್ತಿರ ಬಂದಂತೆಲ್ಲ ಅವಳ ಕೈ ಜೋರಾಗುತ್ತಿತ್ತು.

‘ಅಂದ್ರ ನಮ್ಮ ರೊಟ್ಟಿಗಿ ಹೆದರತೈತಿ ಇದು?’ ಎಂದರು ಮಾಮಾ. ‘ಹಂಗಾರ ಆ ಡಬ್ಬಿ ಎತ್ತಿ ಮಂಚದ ಮ್ಯಾಲ ಇಡು. ಅದರಾಗ ಏನೈತಿ?’

ಅವರು ಹೇಳಿದ್ದು ಸರಿಯೇ. ಉದ್ದನೆಯ ವಾಯರೊಂದು ತಂದು ಲ್ಯಾಪ್‌ಟಾಪನ್ನು ಮಂಚದ ಮೇಲೆ ಇಟ್ಟಿದ್ದರೆ ಎರಡೂ ಕೆಲಸ ಸಾಗುತ್ತಿದ್ದವು. ಅವ್ವ ಒಳಗೆ ಬಡಿಯುತ್ತಿದ್ದಳು, ಡಿಗ್ರಿ ಹೊರಗೆ ಇಳಿಯುತ್ತಿತ್ತು. ಅಲ್ಲಿಗೆ ಅವತ್ತಿನ ಸಮಾರಂಭದ ಹಾಗೆಯೇ ಆಗುತ್ತಿತ್ತು. ನಾನು ಮಾಮಾನಿಗೆ ಕಣ್ಣು ಸನ್ನೆ ಮಾಡಿ ಅಡುಗೆಮನೆಗೆ ಹೋದೆ.

‘ಅವ್ವಾ, ನೀ ರೊಟ್ಟಿ ಬಡಿಯೂತನಕ ಇದು ಬರೂದಿಲ್ಲ. ಹೊರಗ ಬಂದು ಕುಂಡ್ರು.’

‘ಇನ್ನ ನಾಕ ರೊಟ್ಟಿ ಐತಿ ಯವ್ವಾ. ಯಣ್ಣಗ?’

‘ನನಗ ಅನ್ನ ಹಾಲ ಸಾಕ ಬಾ ಬೇ’ ಎಂದು ಹೊರಗಿನಿಂದ ಮಾಮಾ ಕೂಗಿದರು. ಅವರು ಅನ್ನ ಹಾಲು ಸಾಕು ಎಂದದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿಲ್ಲ.

ಅವ್ವ ಒಲೆ ಆರಿಸಿ, ಕೈ ತೊಳೆದು ಬಂದು ಮಂಚದ ತುದಿಗೆ ಕೂತಳು. ಟೇಪು ನಿಲ್ಲಿಸಿದಲ್ಲಿಂದಲೇ, ಲೆಕ್ಕ ಮತ್ತೆ ಸೊನ್ನೆಯಿಂದ, ಓಡತೊಡಗಿತು. ಚಿತ್ರವಿಲ್ಲ, ಬರೀ ಭಾಷಣ. ಅವಳಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟು ನೋಡಿದಳು, ಕಟ್ಟಿಕೊಂಡು ನೋಡಿದಳು, ಕೌದಿಯ ದಾರ ಎಳೆದಳು. ಅತಿಥಿಗಳು ಯುವಜನರಿಗೆ ಕರೆ ಕೊಡುವಾಗ ಮೆಲ್ಲಗೆ ಎದ್ದು ಬುಟ್ಟಿಯಿಂದ ನಾಲ್ಕು ಬೆಳ್ಳುಳ್ಳಿ ಗಡ್ಡೆ ತಂದಳು. ನಾನು ಇಸಿದುಕೊಂಡೆ.

‘ಬಳ್ಳೊಳ್ಳಿ ಸುಲದ್ರೂ ಬೀಳತೈತೇನ?’

‘ಬೀಳತೈತಿ’ ಎಂದೆ. ಬಿ.ಎಸ್ಸಿ. ಆದವಳು ಹೇಳಿದರೆ ಅವಳು ನಂಬುತ್ತಾಳೆ. ನನ್ನ ಪದವಿಯ ಇಷ್ಟು ಒಳ್ಳೆಯ ಉಪಯೋಗವನ್ನು ನಾನು ಬೇರೆಂದೂ ಮಾಡಿಲ್ಲ.

ವಂದನಾರ್ಪಣೆಯೂ ಮುಗಿದು ಟೇಪು ನಿಂತಾಗ ಕೆಳಗಿನ ಲೆಕ್ಕದಲ್ಲಿ ಸೊನ್ನೆ ಇತ್ತು. ಸೊನ್ನೆ ಕಂಡು ಹಿಗ್ಗಿದ ಗಣಿತದ ಮಾಸ್ತರಿಣಿ ನಾನೊಬ್ಬಳೇ ಇರಬೇಕು. ಟೇಪನ್ನು ಹೊರತೆಗೆದು, ಕೈಗೆಟುಕದ ಎತ್ತರದಲ್ಲಿ ಇಟ್ಟು, ಇಳಿದದ್ದನ್ನು ಹಚ್ಚಿದೆ. ಅವ್ವ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದಳು. ಹೆಸರು ಕೂಗಿದರು. ಎರಡು ಜಡೆ ಹಾಕಿದ ಒಂದು ಕಡ್ಡಿಯಂಥ ಹುಡುಗಿ ಮೆಟ್ಟಿಲು ಹತ್ತಿತು. ಪ್ರಿನ್ಸಿಪಾಲರು ಸರ್ಟಿಫಿಕೇಟು ಎತ್ತಿದರು, ನಕ್ಕರು, ಕೈ ಚಾಚಿದರು. ಹುಡುಗಿ ಅವರ ಕೈ ಕುಲುಕಿತು, ಸರ್ಟಿಫಿಕೇಟು ತೆಗೆದುಕೊಂಡಿತು, ಕ್ಯಾಮೆರಾದ ಕಡೆ ತಿರುಗಿ ನಿಂತಿತು. ಒಂದು ಚಿತ್ರವೂ ಬಿಟ್ಟುಹೋಗಿರಲಿಲ್ಲ. ನಾನು ಪರದೆಯನ್ನು ಬಿಟ್ಟು ಅವ್ವನ ಮುಖವನ್ನೇ ನೋಡುತ್ತಿದ್ದೆ.

‘ಎಡಗೈಲೆ ಇಸ್ಕೊಂಡಿ?’ ಎಂದಳು ಅವ್ವ.

ಬಲಗೈ ಕುಲುಕಲು, ಎಡಗೈ ಸರ್ಟಿಫಿಕೇಟಿಗೆ ಎಂದು ಅವತ್ತು ನಮಗೆಲ್ಲ ಮೊದಲೇ ಹೇಳಿಕೊಟ್ಟಿದ್ದರು, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ಹಾಗೆಯೇ ಕೊಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ ಎಂದೆಲ್ಲ ವಿವರಿಸಿದೆ. ಬಸ್ಸಿನಲ್ಲಿ ಬಾಜೂ ಕೂತವರಿಗೆ ವಿವರಿಸುವಷ್ಟೇ ಉದ್ದಕ್ಕೆ ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಲ್ಯಾಪ್‌ಟಾಪಿನ ಇನ್ನಷ್ಟು ಸಮೀಪಕ್ಕೆ ಸರಿದು ಕೂತಳು.

‘ಇನ್ನೊಮ್ಮಿ ಹಚ್ಚು’ ಎಂದಳು. ‘ಈ ಸಲ ಬಲಗೈಲೆ ಇಸ್ಕೊ.’